ತಿಪ್ಪಯ್ಯ ಮಾಸ್ಟ್ರು ಎಕ್ಸ್-ರೇಗ ಹೋದ ಬೇಸಿಗೆ

ಮೊನ್ನೆ ಮಡಕಶಿರದ ಬಸ್ ಸ್ಟ್ಯಾಂಡ್ ಹತ್ರ ಒಬ್ಬಾತ ತಳ್ಳೋ ಗಾಡಿ ಮ್ಯಾಲ ಜೀನ್ಸ್ ಪ್ಯಾಂಟು ಮಾರ್ತಿದ್ದ. ಮಗಳಿಗ ಒಂದು ತಗಳ್ಳೋಣ ಅಂತ ಎತ್ತಿ ಮೂಗಿನ ಹತ್ರ ಹಿಡಿದೆ.

"ಏನ್ ಸಾರ್, ವಾಸ್ನೆ ನೋಡ್ತಾ ಇದೀರ? ಮುದ್ದೆ ಅಲ್ಲ ಕಣ್ ಸಾರ್ ಅದು, ಪ್ಯಾಂಟು" ಅಂದ.

ನಗು ಬಂತು. ಆದ್ರೂ ಬಟ್ಟೆ ಕೆಳಗ ಇಡಲಿಲ್ಲ. ಗಂಜಿ ವಾಸನೆ, ನೀಲಿ ಬಣ್ಣದ ವಾಸನೆ, ಅದರ ಹಿಂದ ಸಣ್ಣಗ ಮಿಷಿನ್ ಎಣ್ಣೆ ವಾಸನೆ. ಮಡಕಶಿರಕ್ಕ ನಾನು ಬಂದು ಬಾಳ ವರ್ಷ ಆತು. ಇಲ್ಲಿ ಕಾಲೇಜಿನ ಲ್ಯಾಬಿನಾಗ ಕೆಲಸ. ದಿನಾ ಮೂಗಿಗ ಬೀಳೋದು ಸ್ಪಿರಿಟ್ ವಾಸನೆ, ಆಸಿಡ್ ವಾಸನೆ. ಆ ನೀಲಿ ವಾಸನೆ ಬಂದ ಕೂಡ್ಲೇ ಮಾತ್ರ ನಂಗ ರಾಯದುರ್ಗದ ಶೆಡ್ಡು, ಆ ಬೇಸಿಗೆ, ತಿಪ್ಪಯ್ಯ ಮಾಸ್ಟ್ರು ಎಲ್ಲ ನೆನಪಾದ್ರು.

ನಾನು ಏಳನೇ ಕ್ಲಾಸು ಮುಗಿಸಿ ಸಾಲಿ ಬಿಟ್ಟವನು. ಆಗ ನಮ್ ಕಡೆ ಹುಡುಗ್ರೆಲ್ಲ ಬಳ್ಳಾರಿ ರೈಲು ಹತ್ತೋರು, ನಾನೂ ಹತ್ತಿದೆ. ಅಲ್ಲಿ ಜೀನ್ಸ್ ಯೂನಿಟ್ಟಿನಾಗ ನಂಗ ಮಿಷಿನ್ ಮುಂದ ಕುಂದ್ರೋದು ಕಲಿಸಿದವರು ತಿಪ್ಪಯ್ಯ ಮಾಸ್ಟ್ರು. ಅವರೂ ರಾಯದುರ್ಗದ ಕಡೆಯವರೇ. ಕಟಿಂಗ್ ಮಾಸ್ಟರ್. ಮೇಜಿನ ಮ್ಯಾಲ ನಲವತ್ತು ಪದರ ಬಟ್ಟೆ ಹಾಸಿ, ಮ್ಯಾಲಿನ ಪದರಕ್ಕ ಸೀಮೆಸುಣ್ಣದಾಗ ಗೆರೆ ಹಾಕಿ, ಕರೆಂಟಿನ ಕತ್ತರಿ ಬಿಟ್ಟರಂದ್ರ ನಲವತ್ತೂ ಒಂದ ಅಳತಿಗ ಬರಬೇಕು. ಬರ್ತಿದ್ವು. ನಮ್ಮೂರಾಗ ಯೂನಿಟ್ಟು ಹೆಚ್ಚಾದ ಮ್ಯಾಲ ಅವರು ವಾಪಸ್ ಬಂದ್ರು. ಅವರ ಹಿಂದ ನಾನೂ ಬಂದೆ.

ಕೋಟೆ ಬೆಟ್ಟದ ಬುಡದಾಗ ನಮ್ಮ ಶೆಡ್ಡು. ಮ್ಯಾಲ ತಗಡು, ಹಿಂದ ಬಂಡೆ. ಬೇಸಿಗ್ಯಾಗ ಬಂಡೆ ಹಗಲೆಲ್ಲ ಕಾದು ಸಂಜಿಗ ಒಳಗ ಉಸಿರು ಬಿಟ್ಟಂಗ ಕಾವು ಬಿಡ್ತಿತ್ತು. ಹನ್ನೆರಡು ಮಿಷಿನ್ ಒಂದ ಸಲಕ್ಕ ಓಡಿದ್ರ ಪಕ್ಕದವರ ಮಾತು ಕೇಳ್ತಿರಲಿಲ್ಲ. ಅದಕ್ಕ ನಾವೆಲ್ಲ ಮನೆಯಾಗೂ ಜೋರಾಗೇ ಮಾತಾಡ್ತಿದ್ವಿ.

ನಾನು ಮತ್ತ ಓದಾಕ ಶುರು ಮಾಡಿದ್ದು ಮಾಸ್ಟ್ರಿಂದಾನ. ಒಂದಿನ ಬಂಡಲ್ ಮ್ಯಾಲಿನ ಚೀಟಿಯಾಗ ನಾನು ಕೂಡಿಸಿ ಕಳೆದಿದ್ದು ನೋಡಿ, "ಲೇ ಓಬಳೇಶಿ, ನಿನ್ನ ತಲಿ ಇಲ್ಲಿ ಕುಂತು ಝಿಪ್ ಹಾಕೋ ತಲಿ ಅಲ್ಲಲೇ" ಅಂದಿದ್ರು. ಹತ್ತನೇದು ಹೊರಗಿಂದ ಕಟ್ಟಿಸಿದ್ರು, ಪಿಯುಸಿ ಅಂತಾರಲ್ಲ, ಆ ಇಂಟರ್ ಕಟ್ಟಿಸಿದ್ರು. ಆಮ್ಯಾಲ ಡಿಗ್ರಿ, ಅದೂ ಸೈನ್ಸು, ಭಾನುವಾರ ಭಾನುವಾರ ಕ್ಲಾಸು. ಭಾನುವಾರ ಕೆಲಸ ಬಿದ್ರ ನನ್ನ ಮಿಷಿನ್ ಮುಂದ ಅವರ ಕುಂದ್ರೋರು. ಕಟಿಂಗ್ ಮಾಸ್ಟರ್ ಆದವರು ಮಿಷಿನ್ ಮುಂದ ಕುಂದ್ರೋದು ಅವರ ಮರ್ಯಾದೆಗ ಕಮ್ಮಿ. ಯಾರಾದ್ರೂ ಆಡಿಕೊಂಡ್ರ, "ಕಾಲು ಜೋಮು ಹಿಡಿದಿತ್ತು, ಪೆಡಲ್ ತುಳದ್ರ ಬಿಡ್ತದ" ಅನ್ನೋರು.

ಡಿಗ್ರಿ ಕೊನೇ ವರ್ಷ ನಂಗ ಮೂವತ್ತೆರಡು. ಫಿಸಿಕ್ಸ್ ಹೇಳೋರು ಅನಸೂಯ ಮೇಡಂ, ವಯಸ್ಸಿನಾಗ ನನಗಿಂತ ಸಣ್ಣೋರು, ಮಡಕಶಿರದವರು. ನಮ್ದು ಗಡಿನಾಡು, ಕ್ಲಾಸಿನಾಗ ತೆಲುಗು, ನನ್ನ ಜೊತಿ ಕನ್ನಡ. ಎಲ್ಲರೂ ಒಂದೊಂದು ವಿಷಯದ ಮ್ಯಾಲ ನಿಂತು ಮಾತಾಡಬೇಕು, ಅದಕ್ಕ ಮಾರ್ಕು ಐತೆ ಅಂತ ಹೇಳಿ ಮೇಡಂ ಒಂದು ಡಬ್ಬಿಯಾಗ ಚೀಟಿ ಹಾಕಿ ಎತ್ತಿಸಿದ್ರು. ಒಬ್ಬರಿಗ ಸೋಲಾರ್ ಬಂತು, ಒಬ್ಬರಿಗ ಗಾಳಿ ಗಿರಣಿ. ನನ್ನ ಚೀಟಿಯಾಗ ಇಂಗ್ಲಿಷಿನಾಗ ಒಂದು ಸಾಲು ಉದ್ದ ಇತ್ತು. ಬಾಳ ಜೋರಿನ, ಬಾಳ ವೇಗದ ಎಕ್ಸ್-ರೇ ಪಲ್ಸಸ್ಸು ವಸ್ತುಗಳ ಎಲೆಕ್ಟ್ರಾನ್ ರಚನೆ ಹೆಂಗ ಬದಲು ಮಾಡ್ತಾವ ಅಂತ.

ಪಲ್ಸಸ್ ಅಂದ್ರ ನಂಗ ಗೊತ್ತಿತ್ತು. ನಮ್ ಮಂಡಲ ಕೃಷಿ ಆಫೀಸಿನ ಬೋರ್ಡ್ ಮ್ಯಾಲ ಐತೆ: ತೊಗರಿ, ಕಡಲೆ, ಹೆಸರು. ಒಂದು ವಾರ ಕುಂತು, ಬೇಳೆಕಾಳಿಗ ಎಕ್ಸ್-ರೇ ಹಾಕಿದ್ರ ಒಳಗಿನ ಹುಳ ಹೆಂಗ ಕಾಣ್ತದ, ಕಾಳು ಹೆಂಗ ಕೆಡ್ತದ ಅಂತ ಮೂರು ಪುಟ ಬರಕಂಡು ಹೋದೆ. ಮೇಡಂ ಓದಿದ್ರು. ಮೊದಲ ಪುಟದಾಗ ತುಟಿ ಕಚ್ಚಿಕೊಂಡ್ರು. ಎರಡನೇ ಪುಟಕ್ಕ ಕಣ್ಣಾಗ ನೀರು ಬಂತು.

"ಓಬಳೇಶಪ್ಪ, ಇದು ತಿನ್ನೋ ಪಲ್ಸಸ್ ಅಲ್ಲ ಕಣ್ರೀ. ಕೈ ಹಿಡ್ದು ನಾಡಿ ನೋಡ್ತಾರಲ್ಲ, ಆ ಪಲ್ಸು. ಮಿಡಿತ. ಒಂದ್ಸಲ ಮಿಡಿದು ನಿಂತೋಗೋ ಬೆಳಕು."

ನಾನೂ ನಕ್ಕೆ. ಆದ್ರ ಮನಸ್ಸಿನಾಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಮೇಡಂ ಅದನ್ನ ನೋಡಿರಬೇಕು. ಕ್ಲಾಸು ಮುಗಿದ ಮ್ಯಾಲ ಕುಂದ್ರಿಸಿಕೊಂಡು ಹೇಳಿಕೊಟ್ರು. ಮೈಲುಗಟ್ಟಲೆ ಉದ್ದದ ಸುರಂಗದಾಗ ಎಲೆಕ್ಟ್ರಾನುಗಳನ್ನ ಓಡಿಸಿ, ಅಯಸ್ಕಾಂತಗಳ ನಡುವ ಕುಣಿಸಿ, ಅವು ಚೆಲ್ಲೋ ಎಕ್ಸ್-ರೇಯನ್ನ ಒಂದು ಚುಕ್ಕಿ ಮ್ಯಾಲ ಬಿಡೋ ಮಿಷಿನ್ ದೊಡ್ಡ ದೊಡ್ಡ ದೇಶಗಳಾಗ ಐತಂತ. ಆ ಮಿಡಿತ ಎಷ್ಟು ಸಣ್ಣದಂದ್ರ, ಕೋಟಿಯನ್ನ ಕೋಟಿಯಿಂದ ಗುಣಿಸಿ ಮತ್ತ ಹತ್ತರಿಂದ ಗುಣಿಸಿ, ಸೆಕೆಂಡನ್ನ ಅಷ್ಟು ಭಾಗ ಮಾಡಿದ್ರ ಅಂಥವು ಕೆಲವೇ ಭಾಗ. ಪರಮಾಣು ಅಲ್ಲಾಡೋದಕ್ಕಿಂತ ಮೊದಲ ಅದರ ಚಿತ್ರ ತೆಗೀಬೇಕು ಅಂತ ಅಷ್ಟು ಅವಸರ. ಆದ್ರ ಅಷ್ಟರಾಗ ಆ ಬೆಳಕೇ ಒಳಗಿನ ಎಲೆಕ್ಟ್ರಾನುಗಳನ್ನ ಕಿತ್ತು ಹೊರಗ ಹಾಕಿರ್ತದ.

"ನೋಡೋಕೆ ಅಂತ ಬಿಟ್ಟ ಬೆಳಕೇ, ನೋಡ್ಬೇಕಾದ್ದನ್ನ ಬದ್ಲಾಯಿಸಿಬಿಡುತ್ತೆ. ಅದೇ ನಿಮ್ ವಿಷಯ" ಅಂದ್ರು ಮೇಡಂ. "ಇಲ್ಲಿ ಹೇಳೋ ಮುಂಚೆ, ಏನೂ ಗೊತ್ತಿಲ್ದೋರ್ ಮುಂದೆ ಒಂದ್ಸಲ ಹೇಳಿ ನೋಡಿ. ಅವ್ರಿಗೆ ಅರ್ಥ ಆದ್ರೆ ನಿಮ್ಗೂ ಅರ್ಥ ಆಗಿದೆ ಅಂತ."

ಆ ಮಾತು ಹಿಡಕಂಡು ನಾನು ಶೆಡ್ಡಿಗ ಬಂದೆ. ತಪ್ಪಾಗಿದ್ದು ಅಲ್ಲೇ.

ಆ ಹೊತ್ತಿಗ ಮಾಸ್ಟ್ರಿಗ ಕೆಮ್ಮು ಹಿಡಿದು ಎರಡು ತಿಂಗಳು. ನಮ್ ಕೆಲಸದಾಗ ಕೆಮ್ಮು ಯಾರಿಗಿಲ್ಲ, ನೀಲಿ ಧೂಳು ಕುಡಿದು ಎಲ್ಲರೂ ಕೆಮ್ಮೋರ. ಆದ್ರ ಮಾಸ್ಟ್ರಿಗ ಸಂಜಿಗ ಜ್ವರ ಬರ್ತಿತ್ತು. ತಮ್ಮ ಪ್ಯಾಂಟಿನ ಸೊಂಟ ತಾವ ಎರಡು ಸಲ ಹಿಡಿಸಿಕೊಂಡಿದ್ರು. ಕಫ ಪರೀಕ್ಷೆ ಮಾಡಿದ್ರಾಗ ಏನೂ ಸಿಗಲಿಲ್ಲ. ಡಾಕ್ಟ್ರು ಎದೆ ಎಕ್ಸ್-ರೇ ತೆಗಿಸ್ರಿ ಅಂತ ಚೀಟಿ ಬರದುಕೊಟ್ಟು, ತಡ ಮಾಡಬ್ಯಾಡ್ರಿ ಅಂದಿದ್ರು. ಬುಧವಾರ ಹೋಗ್ತೀನಿ ಅಂತ ಮಾಸ್ಟ್ರು ಚೀಟಿ ಅಂಗಿ ಜೇಬಿನಾಗ ಇಟ್ಟಿದ್ರು.

ಮಂಗಳವಾರ ಮಧ್ಯಾಹ್ನ ಕರೆಂಟ್ ಹೋತು. ಮಿಷಿನ್ ಎಲ್ಲ ನಿಂತು ಕಿವಿ ಗುಂಯ್ ಅಂತು. ಎಲ್ಲರೂ ಬಾಗಿಲ ನೆರಳಿಗ ಬಂದು ಕುಂತ್ರು. ನಾನು ನಿಂತ್ಕಂಡು ಶುರು ಮಾಡಿದೆ.

"ನೋಡ್ರಿ, ಯಾವ ವಸ್ತುನಾದ್ರೂ ತಗಳ್ರಿ. ಕಬ್ಬಿಣ, ಕಲ್ಲು, ಬಟ್ಟೆ. ಒಳಗ ಪರಮಾಣು ಇರ್ತಾವ. ಅದರಾಗ ಎಲೆಕ್ಟ್ರಾನ್ ಇರ್ತಾವ. ಅವು ಯಾವ್ಯಾವ ಜಾಗದಾಗ ಹೆಂಗ ಕುಂತಾವ ಅನ್ನೋದ್ರ ಮ್ಯಾಲ ಕಬ್ಬಿಣ ಕಬ್ಬಿಣ ಆಗ್ತದ, ಕಲ್ಲು ಕಲ್ಲು ಆಗ್ತದ."

"ಬಸ್ಸಿನಾಗ ಸೀಟು ಹಿಡಿದಂಗ" ಅಂದ್ಲು ಹನುಮಕ್ಕ. ಓವರ್‌ಲಾಕ್ ಮಿಷಿನ್ ಆಕೀದು, ಬಾಯಿನೂ ಹಂಗ ಓಡ್ತಿತ್ತು.

"ಹಂಗ ಅನ್ಕಳಕ್ಕ. ಈಗ ಈ ಎಕ್ಸ್-ರೇ ಬರ್ತದ. ಬಂದು, ಒಳಗಿನ ಸೀಟಿನಾಗ ಕುಂತವರನ್ನ ಎಬ್ಬಿಸಿ ಹೊರಗ ಹಾಕ್ತದ."

"ಟಿಕೆಟ್ ತಗಂಡಿದ್ರೂ?"

"ತಗಂಡಿದ್ರೂ."

ಎಲ್ಲರೂ ನಕ್ಕರು. ನಂಗ ಹುಮ್ಮಸ್ಸು ಬಂತು. "ಅಷ್ಟಾದ ಮ್ಯಾಲ ಆ ವಸ್ತು ಅದ ವಸ್ತು ಅಲ್ಲ. ಹೊರಗ ನೋಡಾಕ ಹಂಗ ಇರ್ತದ, ಒಳಗ ಬ್ಯಾರೆ ಆಗಿರ್ತದ. ಇನ್ನೊಂದು ಚೂರು ಹೊತ್ತಿಗ ಪುಡಿ ಆಗಿ ಹೋಗ್ತದ."

ಮಾಸ್ಟ್ರು ಕಟಿಂಗ್ ಮೇಜಿಗ ಒರಗಿ ಕುಂತಿದ್ರು. "ನೋಡಾಕ ಹೋದ್ರ ಪುಡಿ ಆಗ್ತದ?" ಅಂದ್ರು.

"ಹೌದ್ರಿ ಮಾಸ್ಟ್ರೆ."

"ಎಕ್ಸ್-ರೇ ಹಾಕಿದ್ರ?"

"ಎಕ್ಸ್-ರೇ ಹಾಕಿದ್ರರಿ."

ಅಷ್ಟು ಗಟ್ಟಿಯಾಗಿ ಹೇಳಿದೆ. ಮಾಸ್ಟ್ರು ಪ್ರಶ್ನೆ ಕೇಳಿದ್ರಲ್ಲ, ಅವರಿಗ ಅರ್ಥ ಆತು ಅಂತ ನನ್ನ ಎದಿ ಉಬ್ಬಿತು. ಅವರ ಕೈ ಜೇಬಿನ ಮ್ಯಾಲ ಹೋಗಿದ್ದನ್ನ ಕಂಡೆ. ಬೀಡಿಗ ಹುಡುಕ್ತಾರ ಅನ್ಕಂಡೆ.

ಬುಧವಾರ ಅವರು ಆಸ್ಪತ್ರೆಗ ಹೋಗಲಿಲ್ಲ. ಗುರುವಾರನೂ ಇಲ್ಲ. ಕೇಳಿದ್ರ ಕೆಲಸ ಐತಪ್ಪ ಅಂದ್ರು. ಶುಕ್ರವಾರ ಅವರ ಹೆಂಡ್ತಿ ಗಂಗಮ್ಮಕ್ಕ ಶೆಡ್ಡಿನ ಬಾಗಿಲಿಗ ಬಂದು ನನ್ನ ಹೊರಗ ಕರೆದ್ಲು.

"ಓಬಳೇಶಿ, ನೀ ಅವರಿಗ ಏನ್ ಹೇಳಿದಿಯಪ್ಪ?"

"ನಾನೇನ್ ಹೇಳೀನಕ್ಕ?"

"ಎಕ್ಸ್-ರೇ ಹಾಕಿಸಿಕೊಂಡ್ರ ಒಳಗಿಂದೆಲ್ಲ ಕಿತ್ತು ಹೊರಗ ಹಾಕ್ತದಂತ. ಮನುಷ್ಯ ಹೊರಗ ಹಂಗ ಇದ್ದು ಒಳಗ ಬ್ಯಾರೆ ಆಗ್ತಾನಂತ. ಓಬಳೇಶಿ ಡಿಗ್ರಿ ಪುಸ್ತಕದಾಗ ಐತೆ, ಆತ ಸುಳ್ಳು ಹೇಳಲ್ಲ ಅಂತ ಕುಂತಾರ. ಹಗಲೆಲ್ಲ ಕೆಮ್ತಾರ. ಊಟ ಎರಡು ತುತ್ತು." ಆಕಿ ಸೆರಗು ಬಾಯಿಗ ಒತ್ತಿಕೊಂಡ್ಲು. ಬೈದಿದ್ರ ಚೆನ್ನಾಗಿತ್ತು. ಬೈಯಲಿಲ್ಲ. "ನಿನ್ನ ಮಾತು ಬಿಟ್ಟು ಯಾರ ಮಾತೂ ಕೇಳಲ್ಲಪ್ಪ ಅವರು. ನೀನ ಬಂದು ಹೇಳು" ಅಂದ್ಲು.

ಆ ಸಂಜೀನ ಅವರ ಮನೆಗ ಹೋದೆ. ಮಾಸ್ಟ್ರು ಕಟ್ಟೆ ಮ್ಯಾಲ ಕುಂತಿದ್ರು.

"ಮಾಸ್ಟ್ರೆ, ನಾನು ಹೇಳಿದ್ದು ಬ್ಯಾರೆ ಎಕ್ಸ್-ರೇ ರಿ. ಆಸ್ಪತ್ರೆದು ಹಂಗಿಲ್ಲ."

"ಆವತ್ತು ಹೇಳಿದ್ದು ಸುಳ್ಳಾ?"

"ಸುಳ್ಳಲ್ರಿ."

"ಇವತ್ತು ಹೇಳೋದು?"

"ಇದೂ ಸುಳ್ಳಲ್ರಿ."

"ಎಕ್ಸ್-ರೇ ಅಂತಾನ ಹೆಸರು ಎರಡಕ್ಕೂ?"

"ಹೌದ್ರಿ."

"ಹಂಗಾದ್ರ ಎಷ್ಟು ಬ್ಯಾರೆ? ಅಳತಿ ಹೇಳು."

ಜೋರು, ಕಮ್ಮಿ ಜೋರು ಅನ್ನೋದು ಬಿಟ್ರ ನಂಗೇನೂ ಗೊತ್ತಿರಲಿಲ್ಲ.

ಮಾಸ್ಟ್ರು ನನ್ನ ಮಾರಿ ನೋಡಿದ್ರು. ಸಿಟ್ಟಿರಲಿಲ್ಲ ಅವರಿಗ. "ಗಂಗಿ ಕಳಿಸ್ಯಾಳ, ಅದಕ್ಕ ಬಂದೀಯ. ನಂಗ ಸಮಾಧಾನ ಹೇಳಬ್ಯಾಡ ಓಬಳೇಶಿ. ನಲವತ್ತು ಪದರದ ಮ್ಯಾಲ ಕತ್ತರಿ ಇಡೋ ಮುಂದ ನಾನು ಹೆಂಗ ನಿಂತು ಯೋಚನೆ ಮಾಡ್ತೀನಿ, ನೋಡೀಯಲ್ಲ. ಕತ್ತರಿಸಿದ ಮ್ಯಾಲ ಆಗಲ್ಲ ಅಂದ್ರ ನಡೀತದಾ? ಹೋಗು, ಸರಿಯಾಗಿ ಓದಿಕೊಂಡು ಬಾ."

ದಾರಿಯಾಗ ನಂಗ ಅಳು ಬಂತು. ಗಂಡಸು ರಸ್ತ್ಯಾಗ ಅಳಬಾರದು ಅಂತ ಮುಖ ಒರೆಸಿಕೊಂಡು ನಡೆದೆ. ನಂಗ ಓದಾಕ ಹಚ್ಚಿದವರು ಅವರು. ಆ ಓದಿನಿಂದಾನ ಅವರ ಜೀವಕ್ಕ ಕುತ್ತು ತಂದಿದ್ದೆ.

ಭಾನುವಾರ ಕ್ಲಾಸಿಗ ಮೊದಲ ಹೋಗಿ ಮೇಡಂಗ ಎಲ್ಲ ಹೇಳಿದೆ. ಈ ಸಲ ಅವರು ನಗಲಿಲ್ಲ.

"ಅಯ್ಯೋ, ಎಂಥಾ ಕೆಲ್ಸ ಆಯ್ತು. ನಾನೂ ಯೋಚ್ನೆ ಮಾಡ್ಲಿಲ್ಲ ನೋಡಿ" ಅಂದು ಕುರ್ಚಿ ಎಳಕಂಡ್ರು. "ಕೇಳಿ. ಒಂದು ಎಕ್ಸ್-ರೇ ಕಣ ಬಂದು ಒಂದು ಎಲೆಕ್ಟ್ರಾನನ್ನ ಒಳಗಿನ ಜಾಗದಿಂದ ಕಿತ್ತಾಕುತ್ತೆ. ಜಾಗ ಖಾಲಿ. ಆದ್ರೆ ಖಾಲಿ ಇರಲ್ಲ, ಮೇಲಿನ ಜಾಗದಲ್ಲಿರೋ ಇನ್ನೊಂದು ಎಲೆಕ್ಟ್ರಾನು ಇಳಿದು ಬಂದು ತುಂಬ್ಕೊಳ್ಳುತ್ತೆ. ಅದಕ್ಕೂ ಒಂಚೂರು ಟೈಮ್ ಬೇಕು. ಆ ದೊಡ್ಡ ಮಿಷಿನ್ನಲ್ಲಿ ಏನಾಗುತ್ತೆ? ತುಂಬ್ಕೊಳ್ಳೋ ಮುಂಚೆ ಇನ್ನೊಂದು ಕಣ ಬಂದು ಹೊಡೆಯುತ್ತೆ, ಮತ್ತೊಂದು, ಮತ್ತೊಂದು. ಒಂದೇ ಚುಕ್ಕೀಗೆ, ಒಂದೇ ಸಲಕ್ಕೆ. ಚೇತರಿಸ್ಕೊಳ್ಳೋಕೆ ಬಿಡೋದೇ ಇಲ್ಲ. ಅದಕ್ಕೇ ವಸ್ತುನೇ ಬೇರೆ ಆಗೋಗುತ್ತೆ."

"ಆಸ್ಪತ್ರೇದು?"

"ಅದು ಚೆದುರಿಕೊಂಡು ಬರುತ್ತೆ. ಇಲ್ಲೊಂದು, ಎಲ್ಲೋ ದೂರದಲ್ಲೊಂದು. ಒಂದೇ ಪರಮಾಣುಗೆ ಎರಡನೇದು ಬಂದು ಬೀಳೋದು ಇಲ್ಲವೇ ಇಲ್ಲ ಅನ್ನಬಹುದು."

"ಹಂಗಾದ್ರ ಏನೂ ಆಗಲ್ಲ ಅಂತ ಹೇಳಿಬಿಡ್ತೀನ್ರಿ."

ಮೇಡಂ ಕೈ ಅಡ್ಡ ಹಿಡಿದ್ರು. "ಹಂಗೆ ಹೇಳ್ಬೇಡಿ. ಒಂದಷ್ಟು ಎಲೆಕ್ಟ್ರಾನ್ ಹೋಗೋದು ಹೋಗುತ್ತೆ. ದೇಹ ಅದನ್ನ ಸರಿಮಾಡ್ಕೊಳ್ಳುತ್ತೆ. ಸುಮ್‌ಸುಮ್ನೆ ಯಾರೂ ತೆಗೆಸ್ಕೋಬಾರ್ದು, ಬೇಕಾದಾಗ ಬಿಡ್ಲೂಬಾರ್ದು. ಅವ್ರು ನಿಮ್ಮನ್ನ ನಂಬಿದಾರೆ. ಅರ್ಧ ನಿಜ ಹೇಳಿ ಒಂದ್ಸಲ ಕೆಡಿಸಿದೀರ, ಇನ್ನೊಂದ್ಸಲ ಇನ್ನರ್ಧ ಹೇಳಿ ಕೆಡಿಸ್ಬೇಡಿ."

ಮೇಡಂ ಹೇಳಿದ್ದು ನಂಗ ತಿಳೀತು. ಆದ್ರ ಮಾಸ್ಟ್ರು ಅಳತಿ ಕೇಳಿದ್ರು. ಕಣ, ಪರಮಾಣು ಅಂದ್ರ ಅದು ಅವರ ಕೈಗ ಸಿಗೋ ಅಳತಿ ಅಲ್ಲ.

ಸೋಮವಾರ ಮಧ್ಯಾಹ್ನ ನಾನು ಪ್ಯಾಂಟಿನ ಎರಡು ಕಾಲು ಕೂಡೋ ಕವೆ ಹತ್ರ ಹೊಲಿಗೆ ಹಾಕ್ತಿದ್ದೆ. ಅಲ್ಲಿ ನಾಲ್ಕು ಕಡೆ ಹೊಲಿಗೆ ಬಂದು ಕೂಡ್ತಾವ, ಬಟ್ಟೆ ಬಾಳ ದಪ್ಪ. ತಲಿ ಎಲ್ಲೋ ಇತ್ತು. ದಪ್ಪಕ್ಕ ಬಟ್ಟೆ ಸಿಕ್ಕಂಡು ಮುಂದಕ್ಕ ಹೋಗಲಿಲ್ಲ, ನನ್ನ ಕಾಲು ಪೆಡಲ್ ಮ್ಯಾಲಿಂದ ಏಳಲಿಲ್ಲ. ಸೂಜಿ ನಿಂತಲ್ಲೇ ಹೊಡೀತು, ಅದ ಜಾಗಕ್ಕ, ಹತ್ತಾರು ಸಲ. ಮೊದಲು ಧಡ್ ಧಡ್ ಅಂತಿತ್ತು. ಆಮ್ಯಾಲ ಶಬ್ದ ಹಗುರಾಗಿ ಟಕ್ ಟಕ್ ಅಂತು. ಈ ಶಬ್ದ ಹೊಲಿಯೋರಿಗೆಲ್ಲ ಗೊತ್ತು. ಒಳಗ ನೂಲೆಲ್ಲ ಹರಿದು, ಸೂಜಿಗ ತಡಿಯೋದು ಏನೂ ಉಳಿದಿಲ್ಲ ಅಂತ ಅದರ ಅರ್ಥ. ಬಟ್ಟೆ ತೆಗೆದು ನೋಡಿದ್ರ ತೂತು.

"ಹಾಳ್ ಮಾಡಿದ್ಯಾ ಸೈಂಟಿಸ್ಟು?" ಅಂದ್ಲು ಹನುಮಕ್ಕ.

ನಾನು ಆ ತೂತು ನೋಡ್ತಾ ಕುಂತೆ. ಅದರ ಪಕ್ಕದಾಗೇ ಅದ ಸೂಜಿ, ಅದ ನೂಲು, ಅಂಗೈ ಉದ್ದ ಹೊಲಿಗೆ ಹಾಕಿತ್ತು. ಅಲ್ಲಿ ಬಟ್ಟೆಗ ಏನೂ ಆಗಿರಲಿಲ್ಲ.

ಹೊರಗ ಹೋಗಿ ಮೇಡಂಗ ಫೋನ್ ಮಾಡಿದೆ. ಸೂಜಿ ವಿಷಯ ಹೇಳಿ, "ಹಿಂಗ ಹೇಳಿದ್ರ ತಪ್ಪಾಗ್ತದಾ ಮೇಡಂ?" ಅಂತ ಕೇಳಿದೆ.

"ಆ ಶಬ್ದ ಹಗುರಾಗುತ್ತೆ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ."

ಹೇಳಿದೆ.

"ಅಲ್ಲೂ ಅದೇ ಆಗೋದು ಓಬಳೇಶಪ್ಪ. ಮಿಡಿತದ ಮುಂಭಾಗ ಎಲೆಕ್ಟ್ರಾನ್ ಎಲ್ಲಾ ಕಿತ್ತಾಕಿರುತ್ತೆ. ಹಿಂಭಾಗ ಬರೋ ಹೊತ್ತಿಗೆ ತಡಿಯೋಕೆ ಏನೂ ಇರಲ್ಲ, ಗಾಜಿನೊಳಗೆ ಹಾದಂಗೆ ಹಾದು ಹೋಗುತ್ತೆ. ನಾನು ಇದನ್ನ ಕಲಿಯೋಕೆ ವರ್ಷ ತಗೊಂಡೆ. ನೀವು ಕಿವೀಲಿ ಕೇಳ್ಕೊಂಡ್ರಲ್ಲ." ಆಮ್ಯಾಲ ಅಂದ್ರು, "ಹೋಗಿ, ಮೊದ್ಲು ಅವ್ರಿಗೆ ತೋರ್ಸಿ."

ಆ ಪ್ಯಾಂಟು ಹಿಡಕಂಡು ಮಾಸ್ಟ್ರ ಮನೆಗ ಹೋದೆ. ಅವತ್ತು ಅವರು ಕೆಲಸಕ್ಕ ಬಂದಿರಲಿಲ್ಲ. ಹೊದ್ದುಕೊಂಡು ಮಲಗಿದ್ರು, ಅಂಥಾ ಬಿಸಿಲಿನಾಗ. ಗಂಗಮ್ಮಕ್ಕ ಎಬ್ಬಿಸಿ ಕುಂದ್ರಿಸಿದ್ಲು. ನಾನು ಪ್ಯಾಂಟು ಅವರ ತೊಡಿ ಮ್ಯಾಲ ಇಟ್ಟೆ.

ಅವರು ತೂತಿನಾಗ ಬೆರಳು ಹಾಕಿ ನೋಡಿದ್ರು. "ಕಾಲು ಎತ್ತಲಿಲ್ಲ ನೀನು" ಅಂದ್ರು. "ಇಪ್ಪತ್ತು ವರ್ಷ ಆತು ಹೊಲಿಯಾಕ ಬಂದು. ಇನ್ನ ಕಾಲು ಎತ್ತಾಕ ಬರಲ್ಲ."

"ತಪ್ಪಾತ್ರಿ. ಇದು ಆ ದೊಡ್ಡ ಮಿಷಿನ್ ಎಕ್ಸ್-ರೇ ಮಾಸ್ಟ್ರೆ. ಒಂದ ಜಾಗಕ್ಕ, ಬಿಡುವಿಲ್ಲದ, ಸಾವಿರ ಸೂಜಿ. ನೂಲು ಸರಕಂಡು ಜಾಗ ಮುಚ್ಚಿಕೊಳ್ಳಾಕ ಬಿಡಲ್ಲ."

"ಹೂಂ."

"ಆಸ್ಪತ್ರೇದು ಈ ಹೊಲಿಗೆನೂ ಅಲ್ರಿ. ಹೊಲಿಗಿಯಾಗ ಸೂಜಿ ಒತ್ತೊತ್ತಾಗಿ ಬೀಳ್ತದ. ಅದು, ಊರಗಲ ಬಟ್ಟೆ ಹಾಸಿದ್ರ ಅಲ್ಲೊಂದು ಸೂಜಿ, ಇಲ್ಲೊಂದು ಸೂಜಿ. ಅಷ್ಟ."

ಮಾಸ್ಟ್ರು ತೂತಿನ ಪಕ್ಕದ ಹೊಲಿಗೆ ಮ್ಯಾಲ ಹೆಬ್ಬೆರಳು ಆಡಿಸಿದ್ರು. ಕೆಮ್ಮು ಬಂತು, ಬಾಳ ಹೊತ್ತು ಕೆಮ್ಮಿದ್ರು. ಆಮ್ಯಾಲ ಕೇಳಿದ್ರು, "ಸೂಜಿ ಹೋಗೋದಂತೂ ಹೋಗ್ತದ?"

ಗಂಗಮ್ಮಕ್ಕ ನನ್ನ ಕಡೆ ನೋಡಿ ಸಣ್ಣಗ ತಲಿ ಅಲ್ಲಾಡಿಸಿದ್ಲು, ಇಲ್ಲ ಅನ್ನು ಅಂತ.

"ಹೋಗ್ತದ್ರಿ. ಇಲ್ಲ ಅಂತ ಹೇಳಬ್ಯಾಡ ಅಂದ್ರು ಮೇಡಂ. ಆದ್ರ ಸೂಜಿ ಹೋದ ಜಾಗ ಮೈಯ್ಯ ಮುಚ್ಚಿಕೊಳ್ತದ. ನಿಮ್ಮ ಎದ್ಯಾಗ ಈಗ ಏನ್ ಕುಂತೈತೋ, ಅದು ಮುಚ್ಚಿಕೊಳ್ಳಲ್ರಿ. ಅದು ನೋಡಿದ್ರ ಗೊತ್ತಾಗೋದು."

ಅವರು ಪ್ಯಾಂಟು ಮಡಚಿದ್ರು. ಕಾಲಿಗ ಕಾಲು ಕೂಡಿಸಿ, ಸೊಂಟ ಸರಿಮಾಡಿ, ಅಂಗಡಿಗ ಕಳಿಸೋ ಮಾಲಿನಂಗ ನೀಟಾಗಿ ಮಡಚಿ ನನ್ನ ಕೈಗ ಕೊಟ್ರು.

"ಇಲ್ಲ ಅಂದಿದ್ರ ನಾನು ಹೋಗ್ತಿರಲಿಲ್ಲ" ಅಂದ್ರು. "ಗಂಗಿ, ಆ ಚೀಟಿ ಎಲ್ಲಿಟ್ಟೀಯ ನೋಡು."

ಮರುದಿನ ಬೆಳಿಗ್ಗೆ ಮೂವರೂ ಆಟೋದಾಗ ಹೋದ್ವಿ. ಎಕ್ಸ್-ರೇ ರೂಮಿನ ಬಾಗಿಲಿನಾಗ ಮಾಸ್ಟ್ರು ಅಂಗಿ ಬಿಚ್ಚಿ ನನ್ನ ಕೈಯಾಗ ಕೊಟ್ರು. ಅವರ ಮೈ ನೋಡಿ ಗಂಗಮ್ಮಕ್ಕ ಆ ಕಡೆ ತಿರುಗಿ ನಿಂತ್ಲು. ಒಳಗಿನಾತ ತೆಲುಗಿನಾಗ "ಊಪಿರಿ ಪಟ್ಟುಕೋ" ಅಂದಿದ್ದು ಕೇಳ್ತು. ಹೊರಗ ನಾನೂ ಉಸಿರು ಹಿಡಕಂಡೆ. ಬಾಗಿಲು ತೆರೀತು.

"ಆತಂತ" ಅಂದ್ರು ಮಾಸ್ಟ್ರು ಹೊರಗ ಬಂದು. ಎರಡು ಕೈ ನೋಡಿಕೊಂಡ್ರು. "ಮತ್ತ ನಾನ ಅದೀನಾ ನೋಡು."

"ನೀವ ಅದೀರ್ರಿ."

"ಅಂಗಿ ಕೊಡು ಹಂಗಾದ್ರ."

ಫಿಲ್ಮು ಕೈಗ ಬಂದ ಮ್ಯಾಲ ಡಾಕ್ಟ್ರ ಹತ್ರ ಹೋಗಾಕ ಸಾಲು ಇತ್ತು. ಮಾಸ್ಟ್ರು ಅದನ್ನ ಕಿಟಕಿ ಬೆಳಕಿಗ ಎತ್ತಿ ಹಿಡಿದ್ರು. ಬಟ್ಟೆಯ ಥಾನು ಬಿಚ್ಚಿ ನೋಡೋ ಹಂಗ ಒಂದು ಕಣ್ಣು ಸಣ್ಣ ಮಾಡಿ, ದೂರ ಹಿಡಿದು, ಹತ್ರ ಹಿಡಿದು ನೋಡಿದ್ರು. ಎಡ, ಬಲ ಎರಡೂ ಹೋಲಿಸಿದ್ರು. ಆಮ್ಯಾಲ ಬಲಗಡೆ ಮ್ಯಾಲಿನ ಮೂಲ್ಯಾಗ ಉಗುರು ಇಟ್ಟು, "ಇಲ್ಲಿ ಶೇಡ್ ಬ್ಯಾರೆ ಐತಲ್ಲೋ" ಅಂದ್ರು.

ಒಳಗ ಡಾಕ್ಟ್ರೂ ಪೆನ್ನು ಇಟ್ಟಿದ್ದು ಅದ ಜಾಗಕ್ಕ. ಟಿಬಿ. ಆರು ತಿಂಗಳು ಮಾತ್ರೆ, ಒಂದಿನನೂ ಬಿಡಬಾರದು, ಮೊದಲು ಸ್ವಲ್ಪ ದಿನ ಮನೆಯಾಗ ಇರ್ರಿ, ಬಾಯಿಗ ಬಟ್ಟೆ ಕಟ್ಟಿಕೊಳ್ರಿ, ವಾಸಿ ಆಗ್ತದ ಅಂದ್ರು. ಇನ್ನ ತಡ ಮಾಡಿದ್ರ ಕಷ್ಟ ಇತ್ತು ಅಂತಲೂ ಅಂದ್ರು. ಆ ಮಾತಿಗ ನಾನು ನೆಲ ನೋಡಿದೆ. ಮಾಸ್ಟ್ರು ಡಾಕ್ಟ್ರಿಗ, "ಕೆಲಸ ಇತ್ರಿ ಸಾರ್, ಅದಕ್ಕ ತಡ ಆತು" ಅಂದ್ರು.

ಆ ತಿಂಗಳ ಕೊನೇ ಭಾನುವಾರ ನನ್ನ ಸೆಮಿನಾರು. ಇಂಗ್ಲಿಷಿನಾಗ ಶುರು ಮಾಡಿ ಮೂರನೇ ಸಾಲಿಗ ನಿಂತೆ. ಆಮ್ಯಾಲ ತೆಲುಗು, ಕನ್ನಡ ಕೂಡಿಸಿ ಹೇಳಿದೆ. ಪರೀಕ್ಷೆ ಮಾಡಾಕ ಹೊರಗಿಂದ ಬಂದಿದ್ದ ಸಾರ್ ನಾನು ತೋರಿಸಿದ ತೂತಿನ ಪ್ಯಾಂಟು ಕೈಯಾಗ ಹಿಡಕಂಡು ಬಾಳ ಹೊತ್ತು ನೋಡಿ, ಮಾರ್ಕು ಅಷ್ಟಕ್ಕಷ್ಟ ಕೊಟ್ರು. ಪಾಸಾದೆ. ಶೆಡ್ಡಿನಾಗ ಹನುಮಕ್ಕ ಎಲ್ಲರಿಗೂ ಮಂಡಾಳು, ಅದ ಮಂಡಕ್ಕಿ, ಒಗ್ಗರಣಿ ಮಾಡಿಕೊಂಡು ಬಂದಿದ್ಲು. "ಪಲ್ಸಸ್ ಹಾಕೀನಿ ನೋಡು, ಹುರಗಡಲೆ" ಅಂದ್ಲು. ಆ ಸುದ್ದಿ ಆಕಿಗ ಯಾರು ಮುಟ್ಟಿಸಿದ್ರೋ ಇವತ್ತಿಗೂ ಗೊತ್ತಿಲ್ಲ.

ಮಳೆ ಬಂತು, ಬಂಡೆ ತಣ್ಣಗಾತು. ಮಾಸ್ಟ್ರು ನಿಧಾನಕ್ಕ ಮೇಜಿನ ಹತ್ರ ಬರಾಕ ಶುರು ಮಾಡಿದ್ರು. ಹಿಡಿಸಿದ್ದ ಸೊಂಟದ ಹೊಲಿಗೆ ಒಂದು ಬಿಚ್ಚಿದ್ರು, ಆಮ್ಯಾಲ ಇನ್ನೊಂದು. ಆರು ತಿಂಗಳು ತುಂಬಿದಾಗ ಡಾಕ್ಟ್ರು ಮತ್ತೊಂದು ಎಕ್ಸ್-ರೇ ಬರೆದ್ರು. ನಾನು ಯಾವತ್ತು ಹೋಗೋಣ್ರಿ ಅಂತ ಕೇಳಿದೆ. ನೋಡೋಣ ಅಂದ್ರು.

ಒಂದಿನ ಅವರು ಮಧ್ಯಾಹ್ನ ಬಂದ್ರು. ಬಗಲಾಗ ದೊಡ್ಡ ಕವರು. ಅದನ್ನ ಕಟಿಂಗ್ ಮೇಜಿನ ಮೂಲ್ಯಾಗ ಇಟ್ಟು ಸೀಮೆಸುಣ್ಣ ತಗಂಡ್ರು. ನಾನು ಮಿಷಿನ್ ನಿಲ್ಲಿಸಿ ಹತ್ರ ಹೋದೆ.

"ಒಬ್ರ ಹೋಗಿ ಬಂದ್ರಾ?"

"ಹೂಂ."

"ಏನಂದ್ರು?"

"ಶೇಡ್ ಸರಿ ಐತಂತ." ಗೆರೆ ಹಾಕ್ತಾನ ಅಂದ್ರು. "ಅಲ್ಲೊಬ್ಬ ಮುದುಕಿ ಕುಂತಿತ್ತು, ಕಣೇಕಲ್ಲು ಕಡೇದು. ಎಕ್ಸ್-ರೇ ಅಂದ್ರ ಅಂಜಿಕೊಂಡು ಒಳಗ ಹೋಗವಲ್ದು. ಮಗ ಕೈ ಹಿಡಿದು ಎಳೀತಾನ, ಏಳವಲ್ದು."

"ನೀವೇನಂದ್ರಿ? ಸೂಜಿ ವಿಷಯ ಹೇಳಿದ್ರಾ?"

"ಸೂಜಿ ಆಕಿಗೇನ್ ಗೊತ್ತು, ಕುರಿ ಕಾಯೋಳು. ಅವ್ವಾ, ಮಂದೆ ಎಲ್ಲ ಒಂದ ಸಲಕ್ಕ ಹೊಲದಾಗ ನುಗ್ಗಿದ್ರ ಹೊಲ ಇರ್ತದಾ ಅಂದೆ. ಇರಲ್ಲ ಅಂದ್ಲು. ಊರಗಲ ಹೊಲದಾಗ ಒಂದ ಕುರಿ ಹಾಯ್ದು ಹೋದ್ರ? ಹೊಲಕ್ಕೇನಾಗ್ತದ ಅಂದ್ಲು. ಒಳಗ ಇರೋದು ಅಷ್ಟ ಅವ್ವಾ, ಒಂದ ಕುರಿ ಅಂದೆ."

"ಆಕಿ ಏನಂದ್ಲು?"

ಮಾಸ್ಟ್ರು ಗೆರೆ ನಿಲ್ಲಿಸಿ ನನ್ನ ಕಡೆ ನೋಡಿದ್ರು. ಅವರ ಮುಖದಾಗ ನಗು ಬಂದಿದ್ದನ್ನ ನಾನು ಬಾಳ ತಿಂಗಳಿಗ ನೋಡಿದೆ.

"ಆ ಕುರಿ ಯಾರದು ಅಂತ ಕೇಳಿದ್ಲು."

"ಮತ್ತ?"

"ನಮ್ ಓಬಳೇಶಿದು ಅಂದೆ. ಎದ್ದು ಹೋದ್ಲು ಒಳಗ."